ನಲವತ್ತೆಂಟು ದಿನದ ಎಳನೀರು

ಮದುವೆಯಾದ ಮೊದಲ ವರ್ಷ ನಾನು ಕದ್ದು ಎಳನೀರು ಕುಡಿದೆ. ನನ್ನದೇ ತೋಟ, ನನ್ನಪ್ಪ ನೆಟ್ಟ ಮರ, ಆದರೂ ಕದ್ದು. ತಿಪಟೂರು ಸೀಮೆಯವರಿಗೆ ಇದರ ಅರ್ಥ ಬೇಗ ಆಗುತ್ತದೆ, ಬೇರೆಯವರಿಗೆ ಬಿಡಿಸಿ ಹೇಳಬೇಕು. ನಮ್ಮಲ್ಲಿ ತೆಂಗು ಇರುವುದು ಕೊಬ್ಬರಿಗೆ. ಕಾಯಿ ಮರದಲ್ಲೇ ಬಲಿಯಬೇಕು. ಕೆಡವಿ ಅಟ್ಟಕ್ಕೆ ಏರಿಸಿದ ಮೇಲೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿದ್ದಿರಬೇಕು. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅಂಥದ್ದನ್ನು ಎಳೆಯದರಲ್ಲೇ ಕೊಯ್ದು ನೀರು ಕುಡಿದು ಬಿಸಾಡುವುದೆಂದರೆ ನಮ್ಮಪ್ಪನಂಥವರಿಗೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗೆ. ನಮ್ಮ ಮನೆಯಲ್ಲಿ ಎಳನೀರು ಇಳಿಸುತ್ತಿದ್ದದ್ದು ಇಬ್ಬರಿಗೆ ಮಾತ್ರ. ಜ್ವರ ಬಂದು ಮಲಗಿದವರಿಗೆ ಮತ್ತು ಬಸುರಿಗೆ.

ನನಗೆ ಜ್ವರ ಇರಲಿಲ್ಲ. ನನಗೆ ಇದ್ದದ್ದು ಶೀಘ್ರಸ್ಖಲನ. ಇವತ್ತು ಈ ಪದವನ್ನು ನೇರವಾಗಿ ಬರೆಯುತ್ತಿದ್ದೇನೆ. ಆಗ ಈ ಪದವನ್ನು ನಾನು ಓದಿದ್ದು ಗೋಡೆಯ ಮೇಲೆ ಮಾತ್ರ. ತಿಪಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಕಾಂಪೌಂಡಿನಲ್ಲಿ, ನೀಲಿ ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಅದರ ಕೆಳಗೆ ಗಂಡಸರು ಸಾಲಾಗಿ ನಿಂತು ಉಚ್ಚೆ ಹೊಯ್ಯುತ್ತಿದ್ದರು. ಎಲ್ಲರೂ ಓದುತ್ತಿದ್ದರು, ಓದಿಲ್ಲವೆಂಬಂತೆ ಮುಖ ಮಾಡಿಕೊಂಡು ಜಿಪ್ ಎಳೆದುಕೊಂಡು ಹೋಗುತ್ತಿದ್ದರು. ನಾನೂ ಹಾಗೇ ಹೋದವನು.

ಆಗುತ್ತಿದ್ದದ್ದು ಇಷ್ಟು. ಹೆಂಡತಿಯ ಮೈ ಮುಟ್ಟಿದೆನೋ ಇಲ್ಲವೋ ಅನ್ನುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಎಷ್ಟೋ ಸಲ ಶುರುವಾಗುವುದಕ್ಕೆ ಮುಂಚೆಯೇ. ಅವಳು ಹಂದನಕೆರೆ ಕಡೆಯವಳು, ಡಿಗ್ರಿ ಮುಗಿಸಿ ಬಿ.ಎಡ್. ಓದುತ್ತಿದ್ದಾಗ ಮದುವೆಯಾದವಳು. ಮೊದಮೊದಲು ಅವಳು ಎಲ್ಲರಿಗೂ ಹೀಗೇ ಅಂದುಕೊಂಡಿದ್ದಳಂತೆ. ನನಗೆ ಮಾತ್ರ ಗೊತ್ತಿತ್ತು, ಹೀಗಲ್ಲ ಅಂತ. ಗೊತ್ತಿದ್ದದ್ದಾದರೂ ಹೇಗೆ? ಬಿಳಿಗೆರೆಯ ಕಟಿಂಗ್ ಶಾಪಿನಲ್ಲಿ. ಅಲ್ಲಿ ಕೂತರೆ ಒಬ್ಬೊಬ್ಬನೂ ಗಂಟೆಗಟ್ಟಲೆ ಲೆಕ್ಕ ಹೇಳುವವನೇ. ಸುಳ್ಳು ಬೊಗಳುವುದಕ್ಕೆ ಕಂದಾಯ ಕಟ್ಟಬೇಕೇ? ಅವರ ಮಾತು ಕೇಳಿ ನಾನೂ ನಗುತ್ತಿದ್ದೆ, ಒಂದೆರಡು ಸಲ ನಾನೂ ಬಿಟ್ಟೆ. ಮನೆಗೆ ಬಂದರೆ ಹೆಂಡತಿಯ ಮುಖ ನೋಡಲು ಆಗುತ್ತಿರಲಿಲ್ಲ.

ನಾಚಿಕೆ ಆದಾಗಲೆಲ್ಲ ನಾನು ಸಿಟ್ಟು ಮಾಡುತ್ತಿದ್ದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ತಳ್ಳಿ ಎದ್ದೆ. ಬಟ್ಟೆ ಒಣಗಿಲ್ಲವೆಂದು ರೇಗಿದೆ. ಅವಳು ಒಂದು ಸಲ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ, ತಲೆ ಎತ್ತದೆ ಕೇಳಿದಳು. "ನಾನೇನಾದ್ರೂ ತಪ್ಪು ಮಾಡ್ತಿದೀನೇನ್ರೀ?" ನಾನು ಚೆಂಬು ಎತ್ತಿಕೊಂಡು ತೋಟಕ್ಕೆ ಹೋದೆ. ಇಲ್ಲ ಅನ್ನುವ ಒಂದು ಮಾತು ಸಾಕಿತ್ತು. ಆ ಒಂದು ಮಾತು ಬಾಯಿಂದ ಬರಲಿಲ್ಲ.

ಕೊನೆಗೆ ನಾನು ಹೋದದ್ದು ಗೋಡೆಯ ಮೇಲಿನವನ ಹತ್ತಿರವೇ. ತಿಂಗಳಿಗೊಂದು ಸಲ ಒಂದು ಲಾಡ್ಜಿನಲ್ಲಿ ಬಂದು ಕೂರುತ್ತಿದ್ದ ವೈದ್ಯ. ಮೆಟ್ಟಿಲ ಮೇಲೆ ನಮ್ಮಂಥವರು ಏಳೆಂಟು ಜನ, ಒಬ್ಬರ ಮುಖ ಒಬ್ಬರು ನೋಡದೆ, ಟವಲು ಬಾಯಿಗೆ ಅಡ್ಡ ಹಿಡಿದು ಕೂತಿದ್ದೆವು. ಅವನು ನನ್ನ ನಾಡಿ ಹಿಡಿದ. ಹುಡುಗನಾಗಿದ್ದಾಗ ಕೆಟ್ಟ ಚಟ ಇತ್ತೇ ಅಂದ. ಯಾವ ಹುಡುಗನಿಗೆ ಇರಲಿಲ್ಲ? ಇತ್ತು ಅಂದೆ. "ಅಲ್ಲೇ ಹೋಯ್ತು ನೋಡಿ ಶಕ್ತಿಯೆಲ್ಲ" ಅಂದ, ನಾನು ಯಾರದೋ ಕೊಲೆ ಮಾಡಿದವನೆಂಬ ಮುಖದಲ್ಲಿ. ರಕ್ತದಲ್ಲಿ ಉಷ್ಣ ಏರಿದೆಯಂತೆ, ಧಾತು ನೀರಾಗಿದೆಯಂತೆ. ಬೂದು ಬಣ್ಣದ ಪುಡಿ ಕೊಟ್ಟ. ನಲವತ್ತೆಂಟು ದಿನ, ಖಾಲಿ ಹೊಟ್ಟೆಯಲ್ಲಿ, ಎಳನೀರಿನಲ್ಲಿ ಕಲಸಿ ಕುಡಿಯಬೇಕು. ಹೆಂಡತಿಯ ಹತ್ತಿರ ಸುಳಿಯಬಾರದು. ಯಾರಿಗೂ ಹೇಳಬಾರದು, ಹೇಳಿದರೆ ಔಷಧಿ ಹತ್ತುವುದಿಲ್ಲ. ಈ ಕೊನೆಯ ಮಾತು ಅವನು ಹೇಳದಿದ್ದರೂ ನಡೆಯುತ್ತಿತ್ತು. ನಾನು ಯಾರಿಗೆ ಹೇಳುವವನಿದ್ದೆ?

ಬೆಳಕು ಹರಿಯುವ ಹೊತ್ತಿಗೆ ದೋಟಿ ಹಿಡಿದು ಹೋಗುತ್ತಿದ್ದೆ. ಮೋಟಾರು ಮನೆಯ ಹಿಂದೆ ಎರಡು ಗಿಡ್ಡ ಮರ ಇದ್ದವು, ಹತ್ತಬೇಕಿರಲಿಲ್ಲ, ದೋಟಿಯ ಕುಡುಗೋಲು ಎಟುಕುತ್ತಿತ್ತು. ಅಲ್ಲೇ ಕೆತ್ತಿ, ಪುಡಿ ಸುರಿದು, ಕಡ್ಡಿಯಲ್ಲಿ ಕಲಕಿ, ಮೂಗು ಹಿಡಿದು ಕುಡಿಯುತ್ತಿದ್ದೆ. ಕರ್ಪೂರವೂ ಸುಣ್ಣವೂ ಸೇರಿದ ರುಚಿ. ಬುರುಡೆಗಳನ್ನು ಒಣಗಿದ ಗರಿಗಳ ಅಡಿಗೆ ತಳ್ಳಿಬಿಡುತ್ತಿದ್ದೆ. ಬುದ್ಧಿವಂತಿಕೆ ಅಂದರೆ ಅದು! ದಿನಾ ಸೌದೆಗೆ ಗರಿ ಎಳೆಯುವವಳು ಅಮ್ಮ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ.

ಒಂದು ತಿಂಗಳು ಕಳೆದಿರಬೇಕು. ಬೆಳಿಗ್ಗೆ ತಿಂಡಿ ಹೊತ್ತಿಗೆ ಅಪ್ಪ ಜಗಲಿಯ ಮೇಲೆ ಎರಡು ಬುರುಡೆ ಇಟ್ಟುಕೊಂಡು ಕೂತಿದ್ದರು. ಅಮ್ಮ ಪಕ್ಕದಲ್ಲಿ ನಿಂತಿದ್ದಳು.

"ಒಂದ್ ಗುಡ್ಡೆ ಬಿದ್ದವೆ ಅಲ್ಲಿ. ಎಳೆಗಾಯ್ ಕೆಡವ್ಕೊಂಡು ಕುಡಿಯಕ್ಕೆ ನಿಂಗೇನ್ಲಾ ಬಂದಿತ್ತು ರೋಗ?"

ಅಪ್ಪ ಸುಮ್ಮನೆ ಬೈಗುಳಕ್ಕೆ ಅಂದದ್ದು. ಆದರೆ ರೋಗ ಅನ್ನುವ ಮಾತು ಕೇಳಿದ್ದೇ, ಎಲ್ಲ ಗೊತ್ತಾಗಿಬಿಟ್ಟಿದೆ, ಲಾಡ್ಜಿನ ಮೆಟ್ಟಿಲ ಮೇಲೆ ನನ್ನನ್ನು ಯಾರೋ ನೋಡಿದ್ದಾರೆ ಅನ್ನಿಸಿತು.

"ನಂಗೇನ್ ರೋಗ? ಅವಳಿಗೆ ಕಣಪ್ಪ," ಅಂದೆ.

ಅಷ್ಟೇ ನಾನು ಹೇಳಿದ್ದು. ಮುಂದಿನದ್ದನ್ನು ಅವರೇ ಜೋಡಿಸಿಕೊಂಡರು. ನಮ್ಮ ಸೀಮೆಯಲ್ಲಿ ದಿನಾ ಬೆಳಿಗ್ಗೆ, ಗುಟ್ಟಾಗಿ, ಗಂಡನ ಕೈಲಿ ಎಳನೀರು ಇಳಿಸಿಕೊಂಡು ಕುಡಿಯುವ ಹೊಸ ಸೊಸೆ ಅಂದರೆ ಇನ್ನೇನು? ನಮ್ಮ ಮನೆಯಲ್ಲಿ ಮುಟ್ಟಿನ ಮೈಲಿಗೆ ಇಲ್ಲ, ಹೊರಗೆ ಕೂರುವ ಪದ್ಧತಿ ಇಲ್ಲ. ಹಾಗಾಗಿ ಸೊಸೆ ಯಾವಾಗ ಮುಟ್ಟಾದಳು, ಯಾವಾಗ ಇಲ್ಲ ಅನ್ನುವುದು ಅತ್ತೆಗೆ ತಿಳಿಯುವ ದಾರಿಯೂ ಇರಲಿಲ್ಲ. ಅಮ್ಮನ ಮುಖ ಅರಳಿದ್ದು ನನ್ನ ಕಣ್ಣಿಗೆ ಕಟ್ಟಿದೆ.

"ಅಯ್ಯೋ ನನ್ ಕಂದಾ, ಒಂದ್ ಮಾತ್ ಹೇಳ್ಬಾರ್ದೇನ್ಲಾ!" ಅಂದವಳೇ ಅಪ್ಪನ ಕಡೆ ತಿರುಗಿದಳು. "ಸುಮ್ಕಿರಿ ನೀವು. ಇನ್ನೂ ನಾಕ್ ಇಳಿಸ್ಲಿ ಬುಡಿ. ಮರ ಇರದ್ಯಾಕೆ ಮತ್ತೆ?" ಅಪ್ಪ ಬುರುಡೆಗಳನ್ನು ನಿಧಾನಕ್ಕೆ ಅತ್ತ ಸರಿಸಿ, ಮೀಸೆಯಡಿ ನಕ್ಕು, ಎದ್ದು ಹೋದರು. ಎಳನೀರಿನ ವಿಷಯದಲ್ಲಿ ಅವರು ನಕ್ಕದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಅರ್ಧ ಗಂಟೆಯಲ್ಲಿ ಹೆಂಡತಿ ಕೊಟ್ಟಿಗೆಗೆ ಹುಡುಕಿಕೊಂಡು ಬಂದಳು. ಕೈಯಲ್ಲಿ ಇನ್ನೂ ಮುದ್ದೆ ಕೋಲು ಇತ್ತು. "ಏನ್ರೀ ಇದು? ಅತ್ತೆ ನನ್ ಹಣೆಗೆ ವಿಭೂತಿ ಇಟ್ಟು ಅಳ್ತಾವ್ರೆ. ನಾನ್ಯಾವಾಗ ಎಳ್ನೀರು ಕುಡ್ದೆ?"

ಹೇಳಿದೆ. ಗೋಡೆ, ಲಾಡ್ಜು, ಪುಡಿ, ಎಲ್ಲ. ಎಮ್ಮೆಯ ಬೆನ್ನು ಸವರುತ್ತ ಹೇಳಿದೆ, ಅವಳ ಮುಖ ನೋಡಲಿಲ್ಲ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. "ನನ್ ಮೇಲೆ ಬೇಜಾರಲ್ಲ ಹಾಗಾದ್ರೆ" ಅಂದಳು. ಅವಳ ದನಿಯಲ್ಲಿ ಒಂದು ನೆಮ್ಮದಿ ಇತ್ತು. ಆಮೇಲೆ ಅಂದಳು, "ಈಗ್ಲೇ ಹೋಗಿ ಅತ್ತೆಗೆ ಹೇಳ್ಬುಡಿ. ಔಷ್ದಿಗೆ ಅನ್ನಿ, ಹೊಟ್ಟೆ ಉರಿಗೆ ಅನ್ನಿ, ಏನಾದ್ರೂ ಅನ್ನಿ. ನಾಳೆಗೆ ಊರಿಗೆಲ್ಲ ಗೊತ್ತಾಗುತ್ತೆ."

ಹೊಟ್ಟೆ ಉರಿಗೆ ಅಂದಿದ್ದರೆ ಮುಗಿಯುತ್ತಿತ್ತು! ಇವತ್ತಿಗೂ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಆದರೆ ಒಂದು ಸುಳ್ಳನ್ನು ತೆಗೆದರೆ ಅದರ ಹಿಂದಿನದ್ದೂ ಕಿತ್ತು ಬರುತ್ತದೆ ಅನ್ನುವ ಭಯ ನನಗೆ. ಅಮ್ಮ ಬೆನ್ನು ಹತ್ತಿದರೆ ಬಿಡುವವಳಲ್ಲ. ಯಾವ ಡಾಕ್ಟರು, ಯಾವ ಪುಡಿ, ತೋರಿಸು ಅನ್ನುವವಳು. ನಾಳೆ ಹೇಳುತ್ತೇನೆ ಅಂದೆ. ನಾಳೆ ಹೊತ್ತಿಗೆ ಅಮ್ಮ ಬೀದಿಯ ಎಂಟು ಮನೆಗೆ ಹೇಳಿ ಮುಗಿಸಿದ್ದಳು. ಮೂರನೇ ದಿನಕ್ಕೆ ಹಂದನಕೆರೆಯಿಂದ ನಮ್ಮತ್ತೆ ರವೆ ಉಂಡೆಯ ಡಬ್ಬಿ ಹಿಡಿದುಕೊಂಡು ಬಂದಿಳಿದರು. ಮಗಳನ್ನು ಮುಂದೆ ಕೂರಿಸಿಕೊಂಡು ಒಂದೊಂದೇ ಉಂಡೆ ಮುರಿದು ಬಾಯಿಗಿಟ್ಟರು. ಅವಳು ನನ್ನ ಕಡೆ ನೋಡುತ್ತ ಅಗಿದಳು, ನುಂಗಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ.

ಪುಡಿ ನಲವತ್ತೆಂಟು ದಿನಕ್ಕೆ ಮುಗಿಯಿತು. ಏನೂ ಆಗಲಿಲ್ಲ. ಆಗುವುದಾದರೂ ಏನು? ಮುಗಿದ ಮೇಲೆ ಇನ್ನೂ ಕಡೆಯಾಯಿತು, ಯಾಕೆಂದರೆ ಈಗ ಪರೀಕ್ಷೆಗೆ ಕೂತವನ ಹಾಗೆ ಮೈಯೆಲ್ಲ ಬಿಗಿಯುತ್ತಿತ್ತು. ಇತ್ತ ಮನೆಯಲ್ಲಿ ತಿಂಗಳು ಏರುತ್ತಿತ್ತು. ಅಮ್ಮ ಸೊಸೆಯ ಕೈಯಿಂದ ಕೊಡ ಕಿತ್ತುಕೊಳ್ಳುತ್ತಿದ್ದಳು. ಹಳೆಯ ಸೀರೆ ಹರಿದು ಬಟ್ಟೆ ಮಡಿಸಿಟ್ಟಳು. ನಾನು ಅಟ್ಟದ ಮೇಲೆ ಕಾಯಿ ತಿರುಗಿಸುವ ನೆಪದಲ್ಲಿ ದಿನವೆಲ್ಲ ಕೂರುತ್ತಿದ್ದೆ.

ಯುಗಾದಿಗೆ ಹೆಂಡತಿ ತವರಿಗೆ ಹೋದಳು. ಅವಳ ಬಿ.ಎಡ್. ಕೊನೆಯ ಪರೀಕ್ಷೆಗೆ ಇನ್ನೂ ಒಂದು ತಿಂಗಳಿತ್ತು, ಪುಸ್ತಕಗಳೆಲ್ಲ ಅಲ್ಲೇ ಇದ್ದವು. ಹೋಗುವಾಗ ಬಸ್ಸಿನ ಕಿಟಕಿಯಿಂದ ಹೇಳಿದಳು, "ನಾನ್ ಬರೋದ್ರೊಳಗೆ ಹೇಳಿರ್ಬೇಕು ನೀವು. ಇಲ್ದಿದ್ರೆ ನಾನೇ ಹೇಳ್ತೀನಿ." ಎರಡು ದಿನ ಮಾತು ಕೂಡಿಸಿಕೊಂಡೆ. ಮೂರನೇ ದಿನ ಅಮ್ಮ ರಾಗಿ ಕೇರುತ್ತಿದ್ದಾಗ ಎದುರಿಗೆ ಕುಕ್ಕರುಗಾಲಲ್ಲಿ ಕೂತೆ. ಅಮ್ಮ ಮೊರ ನಿಲ್ಲಿಸಿ, "ಏನ್ ಮಗ?" ಅಂದಳು.

"ಅದು ಹೋಯ್ತಂತೆ ಕಣಮ್ಮ," ಅಂದೆ.

ನಾನು ಹೇಳಬೇಕೆಂದು ಕೂತದ್ದು ಇದಲ್ಲ. ಆದರೆ ಬಾಯಿಂದ ಬಂದದ್ದು ಇದು. ಹೀಗೆ ಅಂದುಬಿಟ್ಟರೆ ಎಲ್ಲ ಒಂದೇ ಏಟಿಗೆ ಮುಗಿಯುತ್ತದೆ, ಯಾರಿಗೂ ನೋವಿಲ್ಲ ಅಂತ ಆ ಗಳಿಗೆಯಲ್ಲಿ ಅನ್ನಿಸಿತ್ತು. ಎಂಥ ಮುಠ್ಠಾಳ ನಾನು. ಅಮ್ಮ ಅಳಲಿಲ್ಲ. ಮೊರ ಪಕ್ಕಕ್ಕಿಟ್ಟು ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಕೇಳಿದಳು, "ಅಲ್ಲಿಗೆ ಹೋದ್ ತಕ್ಷಣ ಹೋಯ್ತಾ? ಇಲ್ಲಿದ್ದಾಗ ಚೆನ್ನಾಗೇ ಇತ್ತಲ್ಲ?" ನಾನು ಚೆಲ್ಲಿದ್ದ ರಾಗಿ ಆಯತೊಡಗಿದೆ. "ಮುಂದ್ಲ ತಿಂಗ್ಳು ಪರೀಕ್ಷೆ ಅಲ್ವೇನ್ಲಾ ಅವಳ್ದು?" ಅಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಅಮ್ಮ ತೀರ್ಮಾನಕ್ಕೆ ಬಂದಿದ್ದಳು. ಪರೀಕ್ಷೆ ಬರೆಯುವುದಕ್ಕೋಸ್ಕರ ಸೊಸೆ ತವರಿಗೆ ಹೋಗಿ ತೆಗೆಸಿಕೊಂಡು ಬಂದಿದ್ದಾಳೆ.

ಹೆಂಡತಿ ವಾಪಸು ಬಂದ ದಿನ ಅಮ್ಮ ಅವಳಿಗೆ ನೀರು ಕೊಡಲಿಲ್ಲ. ಯಾಕೆ ಅಂತ ಅವಳಿಗೆ ಗೊತ್ತಾಗಿದ್ದು ಪಕ್ಕದ ಮನೆಯವರಿಂದ. ಅವಳು ಅಮ್ಮನ ಮುಂದೆ ಹೋಗಿ ನಿಂತು, "ಅತ್ತೆ, ನಾನ್ ಬಸ್ರಿನೇ ಆಗಿರ್ಲಿಲ್ಲ" ಅಂದಳು. ಅಮ್ಮ, "ತೂ, ಇನ್ನೊಂದ್ ಸುಳ್ ಬೇರೆ. ನನ್ ಮಗನೇ ಹೇಳವ್ನೆ" ಅಂದಳು. ಇಬ್ಬರೂ ನನ್ನ ಕಡೆ ತಿರುಗಿದರು. ಹೊಸ್ತಿಲ ಹತ್ತಿರ ನಿಂತಿದ್ದೆ ನಾನು. ಕಾಲಲ್ಲೇ ಚಪ್ಪಲಿ ಹುಡುಕಿದೆ. ನನ್ನ ಹೆಂಡತಿ ನನ್ನನ್ನು ನೋಡಿದ್ದು ಎಷ್ಟು ಹೊತ್ತೋ, ಆಮೇಲೆ ಸೆರಗು ಸಿಕ್ಕಿಸಿಕೊಂಡು ಅಡುಗೆ ಮನೆಗೆ ಹೋದಳು.

ಪರೀಕ್ಷೆಗೆ ಅವಳು ಹೋಗಲಿಲ್ಲ. ನಾನು ಹೋಗು ಅಂದೆ, ಬಸ್ಸಿಗೆ ಕರೆದುಕೊಂಡು ಹೋಗುತ್ತೇನೆ ಅಂದೆ. "ಹೋದ್ರೆ ಅತ್ತೆ ಮಾತು ನಿಜ ಆಗುತ್ತೆ" ಅಂದಳು. ಆ ವರ್ಷ ಹೋಗಲಿಲ್ಲ, ಆಮೇಲೆ ಹೋಗುವುದಾಗಲೇ ಇಲ್ಲ. ಕ್ಲಾಸಿಗೆ ಮೊದಲಿಗಳಾಗಿದ್ದವಳು ಅವಳು. ನನ್ನ ಊರಿನ ಹೈಸ್ಕೂಲಿನಲ್ಲಿ ಇವತ್ತು ಪಾಠ ಮಾಡುತ್ತಿರಬೇಕಾಗಿದ್ದವಳು ನನ್ನ ಅಟ್ಟದ ಕಾಯಿ ಕೆಳಗಿಳಿಸುತ್ತಾಳೆ.

ಡಾಕ್ಟರ ಹತ್ತಿರ ಹೋಗಿದ್ದು ಇದಾದ ಎರಡು ವರ್ಷಕ್ಕೆ, ಅದೂ ಅವಳಿಂದ. ಯಾವುದೋ ವಾರಪತ್ರಿಕೆಯ ಪ್ರಶ್ನೋತ್ತರ ಓದಿ, ಹರಿದು, ನನ್ನ ಅಂಗಿ ಜೇಬಿನಲ್ಲಿ ಇಟ್ಟಿದ್ದಳು. ಏನೂ ಬರೆದಿರಲಿಲ್ಲ, ಏನೂ ಹೇಳಲಿಲ್ಲ. ತುಮಕೂರಿಗೆ ಇಬ್ಬರೂ ಒಟ್ಟಿಗೆ ಹೋದೆವು. ನನಗಿಂತ ಚಿಕ್ಕ ವಯಸ್ಸಿನ ಡಾಕ್ಟರು, ಬಾಗಿಲು ಹಾಕಿಕೊಂಡು, ಜ್ವರದ ವಿಷಯ ಕೇಳುವ ದನಿಯಲ್ಲೇ ಕೇಳಿದರು. ಮೊದಲಿಂದಲೂ ಹೀಗೆಯೇ, ನಡುವೆ ಶುರುವಾಯಿತೇ? ಯಾವಾಗಲೂ ಹೀಗೆಯೇ, ಒಮ್ಮೊಮ್ಮೆಯೇ? ಸಕ್ಕರೆ ಕಾಯಿಲೆ ಇದೆಯೇ, ನಿದ್ದೆ ಬರುತ್ತದೆಯೇ, ಕುಡಿಯುತ್ತೀರಾ? ಮಲಗುವುದು ಎಲ್ಲಿ? ಅಟ್ಟದ ಕೆಳಗಿನ ಕೋಣೆಯಲ್ಲಿ ಅಂದೆ. ಚಿಲಕ ಸರಿಯಾಗಿ ಬೀಳುವುದಿಲ್ಲ, ಬಾಗಿಲಾಚೆ ನಡುಮನೆಯಲ್ಲಿ ಅಪ್ಪ ಅಮ್ಮ ಮಲಗುತ್ತಾರೆ, ಅಮ್ಮ ಕೆಮ್ಮಿದರೆ ಕಿವಿಯಲ್ಲೇ ಕೆಮ್ಮಿದ ಹಾಗಿರುತ್ತದೆ ಅಂದೆ. ಹೆಂಡತಿ ಪಕ್ಕದಲ್ಲಿ ಕಿಸಕ್ಕೆಂದು ನಕ್ಕಳು. ಎರಡು ವರ್ಷದ ಮೇಲೆ ಅವಳು ನಕ್ಕದ್ದು ಕೇಳಿದೆ.

ಆ ಡಾಕ್ಟರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಗೋಡೆ ಓದಿ ಜಿಪ್ ಎಳೆದುಕೊಂಡು ಹೋಗುವವರಿಗಾಗಿ. ಇದು ಉಷ್ಣವಲ್ಲ. ಹುಡುಗಾಟದ ಚಟದಿಂದ ಶಕ್ತಿ ಸೋರಿಹೋಗಿ ಬಂದದ್ದೂ ಅಲ್ಲ. ಬಹಳ ಗಂಡಸರಿಗೆ ಒಂದಲ್ಲ ಒಂದು ಕಾಲಕ್ಕೆ ಆಗುತ್ತದೆ, ಯಾರೂ ಬಾಯಿ ಬಿಡುವುದಿಲ್ಲ ಅಷ್ಟೆ. ಕೆಲವರಿಗೆ ಮೈಯೇ ಮೊದಲಿಂದ ಹಾಗಿರುತ್ತದೆ. ಕೆಲವರಿಗೆ ಯಾರಾದರೂ ಬಂದಾರು, ಕೇಳಿಸಿಕೊಂಡಾರು ಅನ್ನುವ ಅವಸರದಲ್ಲೇ ಅಭ್ಯಾಸವಾಗಿರುತ್ತದೆ. ಆಮೇಲೆ ಇವತ್ತೂ ಹಾಗೇ ಆಗುತ್ತದೇನೋ ಅನ್ನುವ ಭಯ ಸೇರಿಕೊಳ್ಳುತ್ತದೆ, ಆ ಭಯವೇ ಮತ್ತೆ ಅದನ್ನು ತರುತ್ತದೆ. ನಡುವಯಸ್ಸಿನಲ್ಲಿ ಹೊಸದಾಗಿ ಶುರುವಾದರೆ ಬೇರೆ ಕಾಯಿಲೆ ಇರಬಹುದು, ಪರೀಕ್ಷೆ ಮಾಡಿಸಬೇಕು. ನಿಲ್ಲಿಸಿ ನಿಲ್ಲಿಸಿ ಮುಂದುವರಿಯುವ ಒಂದು ಅಭ್ಯಾಸ ಹೇಳಿಕೊಟ್ಟರು, ಉಚ್ಚೆ ತಡೆಯುವ ಸ್ನಾಯುವನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟರು, ಮಾತ್ರೆ ಬರೆದುಕೊಟ್ಟರು. ಕೇಳದೆ ಕೊಂಡು ನುಂಗಬೇಡಿ ಅಂದರು. ಗಡಿಯಾರ ನೋಡಬೇಡಿ, ಇದು ಓಟದ ಪಂದ್ಯವಲ್ಲ ಅಂದರು. ಬಾಗಿಲಿಗೆ ಮೊದಲು ಒಳ್ಳೆ ಚಿಲಕ ಹಾಕಿಸಿ ಅಂದರು. ಕೊನೆಗೆ ನನ್ನ ಹೆಂಡತಿಯ ಕಡೆ ತಿರುಗಿ, "ನೀವು ಜೊತೆಗೆ ಬಂದಿದ್ದು ಅರ್ಧ ಔಷಧಿ" ಅಂದರು. ಅವಳು ತಲೆ ತಗ್ಗಿಸಿದಳು.

ಒಂದೇ ದಿನಕ್ಕೆ ಸರಿಹೋಗಲಿಲ್ಲ. ಏಳೆಂಟು ತಿಂಗಳು ಹಿಡಿಯಿತು, ನಡುವೆ ಎಷ್ಟೋ ಸಲ ಕೆಟ್ಟಿತು, ನಾನು ಸಿಡುಕಿದೆ, ಅವಳು ತಾಳಿಕೊಂಡಳು. ಆದರೂ ಸರಿಹೋಯಿತು. ಮಗಳು ಹುಟ್ಟಿದಳು. ಇಲ್ಲಿಗೆ ಕತೆ ಮುಗಿಯಬೇಕಿತ್ತು.

ಮಗಳನ್ನು ನೋಡಲು ಬಂದವರಿಗೆಲ್ಲ ಅಮ್ಮ, "ಇದು ಎರಡ್ನೇದು ಕಣ್ರೀ" ಅನ್ನುತ್ತಿದ್ದಳು. ಮೊದಲನೆಯದನ್ನು ಅವಳು ಗಂಡು ಅಂತ ತೀರ್ಮಾನಿಸಿದ್ದಳು. ವರ್ಷ ವರ್ಷವೂ ಅದಕ್ಕೆ ವಯಸ್ಸು ಏರುತ್ತಿತ್ತು. ಮಗಳನ್ನು ಅಂಗನವಾಡಿಗೆ ಬಿಡುವಾಗ, "ಅವ್ನಿದ್ದಿದ್ರೆ ಈಗ ಸ್ಕೂಲಿಗೆ ಕೈ ಹಿಡ್ಕೊಂಡು ಹೋಗನು" ಅಂದಳು. ಅಪ್ಪ ತೀರಿಕೊಂಡಾಗ ಹೆಣದ ಮುಂದೆ, "ಮೊಮ್ಮಗ ಇದ್ದಿದ್ರೆ ಭುಜ ಕೊಡನು" ಅಂದಳು. ಹತ್ತನೇ ಕ್ಲಾಸು, ಪಿಯುಸಿ, ಎಲ್ಲವನ್ನೂ ಅವನಿಗೆ ಪಾಸು ಮಾಡಿಸಿದಳು. ಹುಟ್ಟದ ಹುಡುಗನೊಬ್ಬ ನಮ್ಮ ಮನೆಯಲ್ಲಿ ಇಪ್ಪತ್ತಮೂರು ವರ್ಷ ಬೆಳೆದ. ಪ್ರತಿ ಸಲವೂ ನನ್ನ ಹೆಂಡತಿ ಕೈಯಲ್ಲಿದ್ದ ಕೆಲಸ ಮುಂದುವರಿಸುತ್ತಿದ್ದಳು, ಪ್ರತಿ ಸಲವೂ ನಾನು ಎದ್ದು ತೋಟಕ್ಕೆ ಹೋಗುತ್ತಿದ್ದೆ. ನನ್ನ ಮೈ ವಾಸಿಯಾಗಿತ್ತು. ಬಾಯಿ ವಾಸಿಯಾಗಲಿಲ್ಲ.

ಹೋದ ವರ್ಷ ಅಮ್ಮನಿಗೆ ಲಕ್ವ ಹೊಡೆಯಿತು. ಎಡಗಡೆ ಬಿದ್ದುಹೋಯಿತು, ಮಾತು ತೊದಲಿದರೂ ಉಳಿಯಿತು. ಎಂಟು ತಿಂಗಳು ಉಚ್ಚೆ, ಕಕ್ಕಸ್ಸು, ಬೆನ್ನಿನ ಹುಣ್ಣು ಎಲ್ಲ ಬಳಿದು ತೊಳೆದದ್ದು ಸೊಸೆ. ಒಂದು ದಿನ ಹಿತ್ತಲಲ್ಲಿ ಹಾಸಿಗೆ ಬಟ್ಟೆ ಹಿಂಡುತ್ತ ಅವಳು ನನಗೆ ಅಂದಳು, "ನಾನ್ ನಿಮ್ಮನ್ನ ಏನೂ ಕೇಳಿಲ್ಲ. ಇದೊಂದು ಕೇಳ್ತೀನಿ. ಅತ್ತೆ ಹೋಗೋಕ್ ಮುಂಚೆ ಹೇಳ್ಬುಡಿ. ಅವರು ಒಂದೇ ಒಂದ್ ದಿನ ನನ್ನ ಸರಿಯಾಗಿ ನೋಡ್ಲಿ." ಹೇಳುತ್ತೇನೆ ಅಂದೆ. ದೇವರಾಣೆ ಅಂದೆ.

ಹದಿನೈದು ದಿನ ಅಮ್ಮನ ಮಂಚದ ಪಕ್ಕ ಕೂತು ಎದ್ದೆ. ಸೆಕೆ ಆಗ್ತಿದೆಯಾ ಅಂದೆ. ಫ್ಯಾನ್ ಜೋರು ಮಾಡಲಾ ಅಂದೆ. ಐವತ್ತು ತುಂಬಿದ ಗಂಡಸು ನಾನು, ಸಾಯುತ್ತಿರುವ ತಾಯಿಯ ಮುಂದೆ ಇನ್ನೂ ಮಾನ ಕಾಯ್ದುಕೊಳ್ಳುತ್ತಿದ್ದೆ. ಥೂ!

ಒಂದು ಬೆಳಿಗ್ಗೆ, ಹನ್ನೊಂದು ಗಂಟೆ ಇರಬೇಕು, ಹೆಂಡತಿ ಅಮ್ಮನಿಗೆ ರಾಗಿ ಗಂಜಿ ಕುಡಿಸುತ್ತಿದ್ದಳು. ತಿಪಟೂರಿನಲ್ಲಿ ನರ್ಸಿಂಗ್ ಓದುವ ಮಗಳು ರಜೆಗೆ ಬಂದಿದ್ದಳು, ಅಜ್ಜಿಯ ಬೆನ್ನಿಗೆ ದಿಂಬು ಕೊಟ್ಟು ಹಿಡಿದಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅಮ್ಮ ಚಮಚ ತಳ್ಳಿ, ಸರಿಯಾಗಿದ್ದ ಬಲಗೈಯಲ್ಲಿ ಸೊಸೆಯ ಮಣಿಕಟ್ಟು ಹಿಡಿದುಕೊಂಡಳು.

"ನೀನ್ ನಂಗೆ ಬಾಳ ಮಾಡ್ದೆ ಕಣವ್ವ," ಅಂದಳು ತೊದಲುತ್ತ. "ಆ ಮಗೀನ ತೆಗೆಸ್ದೆಯಲ್ಲ, ಅದುನ್ನ ನಾನ್ ಮನ್ಸಲ್ಲಿ ಇಟ್ಕೊಂಡಿಲ್ಲ. ಬುಟ್ಟಿದೀನಿ. ನಿನ್ನ ಕ್ಷಮ್ಸಿದೀನಿ ಕಣವ್ವ."

ಹೆಂಡತಿ ನನ್ನ ಕಡೆ ನೋಡಿದಳು. ಅವಳು ಕಾಯುತ್ತಿದ್ದಾಳೆ ಅಂತ ನನಗೆ ಗೊತ್ತು. ಇಪ್ಪತ್ತಮೂರು ವರ್ಷದ ಹಿಂದೆ ಹೊಸ್ತಿಲ ಹತ್ತಿರ ನಿಂತಿದ್ದವನೇ ಇಲ್ಲೂ ನಿಂತಿದ್ದ. "ಗಂಜಿ ಆರೋಗುತ್ತೆ" ಅಂದೆ ನಾನು.

ಅವಳು ಅಮ್ಮನ ಕಡೆ ತಿರುಗಿದಳು. ಬಾಯಿಯ ಅಂಚಿಗೆ ಇಳಿದಿದ್ದ ಗಂಜಿಯನ್ನು ಸೆರಗಿನಲ್ಲಿ ಒರೆಸಿದಳು.

"ಆಯ್ತು ಅತ್ತೆ. ತಪ್ಪಾಯ್ತು," ಅಂದಳು.

ನಾಲ್ಕು ದಿನಕ್ಕೆ ಅಮ್ಮ ಹೋದಳು. ನೆಮ್ಮದಿಯಿಂದ ಹೋದಳು ಅಂತ ಎಲ್ಲರೂ ಅಂದರು. ಸೊಸೆ ಅಂದರೆ ಹೀಗಿರಬೇಕು ಅಂತಲೂ ಅಂದರು. ಹನ್ನೊಂದು ದಿನದ ಕೆಲಸವೆಲ್ಲ ಮುಗಿದು ನೆಂಟರು ಹೊರಟ ಮೇಲೆ ಗಮನಿಸಿದೆ, ಮಗಳು ಅವರಮ್ಮನ ಹತ್ತಿರ ಮಾತಾಡುತ್ತಿರಲಿಲ್ಲ. ಬಡಿಸಿದ್ದನ್ನು ತಿಂದು ಎದ್ದು ಹೋಗುತ್ತಿದ್ದಳು. ನನ್ನ ಅಮ್ಮನಿಗೆ ಇದ್ದ ಅದೇ ಮುಖ ಅವಳಿಗೂ ಬಂದಿತ್ತು. ಹೆಂಡತಿ ಅದನ್ನು ನೋಡಿಯೂ ನನ್ನ ಹತ್ತಿರ ಏನೂ ಹೇಳಲಿಲ್ಲ. ಕೇಳುವುದನ್ನು ಅವಳು ಬಿಟ್ಟಿದ್ದಳು.

ರಜೆ ಮುಗಿದು ಹೊರಡುವ ದಿನ ಮಗಳು ತೋಟಕ್ಕೇ ಬಂದಳು. "ಅಪ್ಪ, ಅಜ್ಜಿ ಹೇಳ್ತಿದ್ದ ಆ ಮಗು ನಿಜವಾಗ್ಲೂ ಇತ್ತಾ? ಪಕ್ಕದ್ ಮನೆಯವ್ರು ಅಂದ ಹಾಗೆ ಅಮ್ಮ ಪರೀಕ್ಷೆಗೋಸ್ಕರ ತೆಗೆಸ್ಕೊಂಡ್ರಾ?"

ಇಲ್ಲ ಅಂದೆ. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಅಂದೆ.

"ಮತ್ತೆ ಅಮ್ಮ ಯಾಕೆ ಅಜ್ಜಿ ಹತ್ರ ತಪ್ಪಾಯ್ತು ಅಂದ್ರು?"

ಕಾಲುವೆಯ ಬದುವಿನ ಮೇಲೆ ಕೂತು ಹೇಳಿದೆ. ಹೆತ್ತ ಮಗಳಿಗೆ ಹೇಳುವ ಮಾತೇ ಅದು? ಆದರೂ ಹೇಳಿದೆ. ಡಾಕ್ಟರು ನನಗೆ ಹೇಳಿಕೊಟ್ಟ ಪದಗಳಲ್ಲೇ, ತಲೆ ತಗ್ಗಿಸಿಕೊಂಡು, ಒಂದೂ ಬಿಡದೆ. ಅವಳು ನಡುವೆ ಬಾಯಿ ಹಾಕಲಿಲ್ಲ. ಮುಖ ಕೆಂಪಾಗುತ್ತದೆ, ಎದ್ದು ಹೋಗುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಇನ್ನೂ ಏನೋ ದೊಡ್ಡದು ಬರುವುದಿದೆ, ಕಾಯೋಣ ಅನ್ನುವ ಹಾಗೆ. ನಾನು ಮುಗಿಸಿದೆ.

"ಇಷ್ಟಕ್ಕಾ?" ಅಂದಳು.

ಹೂಂ ಅಂದೆ.

"ಇದುನ್ನ ನಾವು ಕ್ಲಾಸಲ್ಲಿ ಓದ್ತೀವಪ್ಪ. ಒಂದ್ ಪೇಜಿದೆ ಅಷ್ಟೇ. ಇಷ್ಟಕ್ಕಾ ಅಮ್ಮನ್ನ..." ಅಂದವಳೇ ಎದ್ದು ಲಂಗಕ್ಕೆ ಅಂಟಿದ್ದ ಮಣ್ಣು ಕೊಡವಿಕೊಂಡು ಮನೆಯ ಕಡೆ ಓಡಿದಳು. ಹಿತ್ತಲಲ್ಲಿ ಅವಳು ಅಮ್ಮಾ ಅಂತ ಕೂಗಿದ್ದು, ಆಮೇಲೆ ಇಬ್ಬರೂ ಅಳುತ್ತಿದ್ದದ್ದು ತೋಟದವರೆಗೂ ಕೇಳಿಸಿತು. ನನ್ನನ್ನು ಯಾರೂ ಕರೆಯಲಿಲ್ಲ.